ಬೆಣ್ಣೆ ವಕೀಲರ ಮೂರನೇ ಅರ್ಜಿ

“ಎರಡನೇ ಅರ್ಜಿಯೂ ವಜಾ,” ಎಂದರು ಅಧ್ಯಕ್ಷರು.

ಬೆಣ್ಣೆ ವಕೀಲರು ಬಹುಮಾನ ಸಿಕ್ಕಿದವರಂತೆ ನಕ್ಕು, ತಲೆಬಾಗಿ ಕೈಮುಗಿದರು. ಅದನ್ನು ಮೂಲೆಯ ಕುರ್ಚಿಯಲ್ಲಿದ್ದ ತನಿಖಾಧಿಕಾರಿ ಕಣ್ಣು ಕಿರಿದು ಮಾಡಿ ನೋಡಿದಳು.

ಅರ್ಜಿ ಬಿದ್ದುಹೋದರೆ ಯಾವ ವಕೀಲನೂ ಹಾಗೆ ನಗುವುದಿಲ್ಲ. ಮುಖ ಗಂಟಿಕ್ಕುತ್ತಾನೆ, ಕಾಗದಗಳನ್ನು ಮೇಜಿಗೆ ಕುಕ್ಕುತ್ತಾನೆ, ಏನಿಲ್ಲವೆಂದರೂ ಒಂದು ಲೋಟ ನೀರು ಕುಡಿಯುತ್ತಾನೆ. ಈ ಮಹಾನುಭಾವರು ಬೆಳಗಿನಿಂದ ಎರಡು ಸಲ ಸೋತು ಎರಡು ಸಲವೂ ನಕ್ಕಿದ್ದರು.

ತನಿಖಾಧಿಕಾರಿ ಬಲಗಾಲನ್ನು ನೆಲಕ್ಕೆ ತಟ್ಟತೊಡಗಿದಳು. ಸುಮ್ಮನೆ ಕೂರುವುದು ಅವಳ ಜಾಯಮಾನವೇ ಅಲ್ಲ. ಕಚೇರಿಯವರು ಬೆನ್ನ ಹಿಂದೆ ಅವಳನ್ನು ‘ಚಕ್ರ ಮೇಡಂ’ ಎನ್ನುವುದು, ಕಾಲಿಗೆ ಚಕ್ರ ಕಟ್ಟಿಕೊಂಡವಳು ಎಂಬ ಅರ್ಥದಲ್ಲಿ. ದಾರಿ ತಪ್ಪಿದ ವಕೀಲರ ಜಾಡು ಹಿಡಿಯುವ ಕೆಲಸಕ್ಕೆ ಅಂಥ ಕಾಲೇ ಬೇಕು. ಆದರೆ ಇಂಥ ದಿನ ಆ ಕಾಲು ಮೇಜಿನ ಕೆಳಗೆ ಒದ್ದಾಡುವುದು ಬಿಟ್ಟು ಬೇರೇನೂ ಮಾಡುವಂತಿಲ್ಲ.

ಏಕೆಂದರೆ ಇವತ್ತು ವಿಚಾರಣೆಯಲ್ಲ. ವಿಚಾರಣೆ ನಾಳೆ. ಅದಕ್ಕೆ ಮುಂಚೆ ಎರಡೂ ಕಡೆಯವರು ಹಾಕಿಕೊಂಡ ಅರ್ಜಿಗಳನ್ನು ವಕೀಲರ ಪರಿಷತ್ತಿನ ಶಿಸ್ತು ಸಮಿತಿಯ ಅಧ್ಯಕ್ಷರು ಒಬ್ಬರೇ ಕೂತು ಇತ್ಯರ್ಥ ಮಾಡುವ ದಿನ. ಸಾಕ್ಷಿ ಇಲ್ಲ, ಪಾಟೀಸವಾಲಿಲ್ಲ, ಬರೀ ವಾದ. ತನಿಖಾಧಿಕಾರಿ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು. ಏನಾದರೂ ಹೇಳಲೇಬೇಕಾದರೆ ಚೀಟಿಯಲ್ಲಿ ಗೀಚಿ ಪಕ್ಕದಲ್ಲಿರುವ ಸಮಿತಿಯ ವಕೀಲನ ಕೈಗೆ ತುರುಕಬೇಕು. ಫೋನನ್ನಂತೂ ಬಾಗಿಲಲ್ಲೇ ದಫೇದಾರನ ತಟ್ಟೆಗೆ ಹಾಕಿ ಬರಬೇಕು.

ಪ್ರಕರಣವೋ, ಒಂದೇ ಸಾಲಿನದು. ಗಂಡನ ಹೊಡೆತಕ್ಕೆ ಹೆದರಿ ಮಗಳನ್ನು ಕರೆದುಕೊಂಡು ಅಡಗಿದ್ದ ಒಬ್ಬ ಹೊಲಿಗೆ ಟೀಚರ್ ತನ್ನ ವಿಳಾಸವನ್ನು ತನ್ನ ವಕೀಲರಿಗೆ ಮಾತ್ರ ಹೇಳಿದ್ದಳು; ಆ ವಾರವೇ ಗಂಡ ಬಾಗಿಲು ಒಡೆದು ಮಗಳನ್ನು ಎತ್ತಿಕೊಂಡು ಹೋದ. ಆ ವಕೀಲರೇ ಬೆಣ್ಣೆ ವಕೀಲರು. ಕಕ್ಷಿದಾರಳ ಗುಟ್ಟನ್ನು ಎದುರಾಳಿಗೆ ದಾಟಿಸಿದರು ಎಂಬುದು ಆರೋಪ. ನಾಳೆ ಟೀಚರ್ ಬಾಯಿಬಿಟ್ಟರೆ ಅವರ ಕರಿಕೋಟು ಮೊಳೆಗೆ ನೇತುಬೀಳುತ್ತದೆ, ಮಗಳು ಎಲ್ಲಿದ್ದಾಳೆ ಎಂಬ ಪ್ರಶ್ನೆಗೂ ಅವರು ಉತ್ತರ ಕೊಡಬೇಕಾಗುತ್ತದೆ.

ಆ ಮಗಳನ್ನು ಹುಡುಕಿಕೊಡುತ್ತೇನೆಂದು ತನಿಖಾಧಿಕಾರಿ ತಾಯಿಗೆ ಮಾತು ಕೊಟ್ಟಿದ್ದಳು. ಕೊಡಬಾರದಿತ್ತು. ಕೊಟ್ಟಾಗಿತ್ತು.

“ಮೂರನೇ ಅರ್ಜಿ,” ಎಂದರು ಅಧ್ಯಕ್ಷರು. ಬೇಜಾರಾದಾಗ ಅವರು ಕಿವಿಯ ಯಂತ್ರದ ಗುಂಡಿ ತಿರುಗಿಸಿಕೊಂಡು ಬಿಡುತ್ತಾರೆ ಎಂಬ ಸುದ್ದಿ ವಕೀಲರ ಕ್ಯಾಂಟೀನಿನಲ್ಲಿತ್ತು. ಸದ್ಯಕ್ಕೆ ಬೆರಳು ಗುಂಡಿಯ ಹತ್ತಿರ ಹೋಗಿರಲಿಲ್ಲ.

ಬೆಳಗಿನಿಂದ ತನಿಖಾಧಿಕಾರಿಯ ತಲೆ ಕೊರೆಯುತ್ತಿದ್ದುದೇ ಈ ಮೂರು ಅರ್ಜಿಗಳು. ಮೊದಲನೆಯದು, ವಿಚಾರಣೆ ಮುಂದೂಡಿ, ನನಗೆ ತಯಾರಿಗೆ ಸಮಯ ಬೇಕು. ಎರಡನೆಯದು, ಅಧ್ಯಕ್ಷರೂ ನಾನೂ ಕಾಲೇಜಿನಲ್ಲಿ ಒಂದೇ ನಾಟಕದಲ್ಲಿ ಪಾತ್ರ ಮಾಡಿದ್ದೆವು, ಆದ್ದರಿಂದ ಅವರು ಈ ಪೀಠದಿಂದ ಹಿಂದೆ ಸರಿಯಬೇಕು. ಮೂರನೆಯದು, ಸಾಕ್ಷಿ ವಿಡಿಯೋ ಪರದೆಯ ಮೇಲಲ್ಲ, ನಾಳೆಯೇ ಖುದ್ದಾಗಿ ನನ್ನೆದುರು ಬಂದು ಕೂರಬೇಕು.

ಮೆಟ್ಟಿಲು ಹತ್ತುವಾಗಲೇ ಅವಳು ಸಮಿತಿಯ ವಕೀಲನನ್ನು ತಡೆದು ಕೇಳಿದ್ದಳು. “ಮುಂದಕ್ಕೆ ಹಾಕಿ ಅಂತಾನೂ ಕೇಳ್ತಾರೆ, ನಾಳೆನೇ ಕರೆಸಿ ಅಂತಾನೂ ಕೇಳ್ತಾರೆ. ಇದ್ಯಾವ ಸೀಮೆ ಅರ್ಜಿ?”

“ವಕೀಲರು ಹೀಗೇ ಮೇಡಂ. ಕೈಗೆ ಸಿಕ್ಕಿದ ಕಲ್ಲೆಲ್ಲ ಎಸೀತಾರೆ, ಯಾವುದಾದ್ರೂ ಒಂದು ತಾಗಲಿ ಅಂತ.”

“ಅವರು ಗುರಿ ಇಲ್ಲದೆ ಎಸೆಯೋ ಪೈಕಿ ಅಲ್ಲ ಕಣಯ್ಯ. ನೀನೇ ಅವರ ಹತ್ರ ಕೆಲಸ ಕಲಿತವನು, ನಿಂಗೆ ಗೊತ್ತಿರಬೇಕು.”

ಅವನು ಟೈ ಸರಿಮಾಡಿಕೊಂಡಿದ್ದ. ಹಳೆಯ ಗುರುವಿನ ವಿರುದ್ಧ ನಿಲ್ಲುವುದೆಂದರೆ ಅವನಿಗೆ ಒಳಗೊಳಗೇ ಅಳುಕು. ಅದು ಅವಳಿಗೂ ಗೊತ್ತಿತ್ತು.

ಈಗ ಬೆಣ್ಣೆ ವಕೀಲರು ಎದ್ದು ನಿಂತರು. ಅವರಿಗೆ ಆ ಹೆಸರು ಬಂದಿದ್ದು ದನಿಯಿಂದ. ಸಾವಿನ ಸುದ್ದಿ ಹೇಳಿದರೂ ಕೇಳಿದವರು ಥ್ಯಾಂಕ್ಸ್ ಹೇಳಿ ಹೋಗಬೇಕು, ಅಂಥ ದನಿ. ವಾದದಲ್ಲಿ ಅವರದೊಂದು ಪ್ರಸಿದ್ಧ ವರಸೆಯಿತ್ತು: ಎದುರಿನವರ ಆಕ್ಷೇಪಣೆ ಹುಟ್ಟುವ ಮೊದಲೇ ಅದಕ್ಕೆ ಉತ್ತರ ಕೊಟ್ಟು ಮುಗಿಸುವುದು. ಕ್ಯಾಂಟೀನಿನಲ್ಲಿ ಕಿರಿಯರು ಅದನ್ನು ಅಣಕಿಸಿ ನಗುತ್ತಿದ್ದರು, ಆಮೇಲೆ ಕೋರ್ಟಿಗೆ ಹೋಗಿ ತಾವೂ ಹಾಗೇ ವಾದಿಸುತ್ತಿದ್ದರು.

“ಸ್ವಾಮಿ, ಸಾಕ್ಷಿಯ ಮುಖ ನೋಡದೆ ಪಾಟೀಸವಾಲು ಮಾಡು ಅಂದ್ರೆ ಕಣ್ಣಿಗೆ ಬಟ್ಟೆ ಕಟ್ಟಿ ಈಜು ಅಂದ ಹಾಗೆ. ಎದುರು ಪಕ್ಷದವರು ಏನು ಹೇಳಬಹುದು? ಸಾಕ್ಷಿಗೆ ಭಯ ಇದೆ ಅನ್ನಬಹುದು. ಪೊಲೀಸ್ ಕಾವಲು ಕೊಡಿ, ನನ್ನ ತಕರಾರಿಲ್ಲ. ಬಂದು ಹೋಗೋದು ಕಷ್ಟ ಅನ್ನಬಹುದು. ಸಮಿತಿಯೇ ವಾಹನ ಕಳಿಸಲಿ. ಎಡಗಾಲು ಉಳುಕಿದೆ, ಇಷ್ಟು ಮೆಟ್ಟಿಲು ಹತ್ತೋಕೆ ಆಗಲ್ಲ ಅನ್ನಬಹುದು. ಹಾಗಾದ್ರೆ ಕೆಳಗಿನ ಮಹಡೀಲೇ ಕೂರೋಣ. ಕುರ್ಚಿ ಮೇಜು ನಾನೇ ಹೊತ್ತು ತರ್ತೀನಿ ಸ್ವಾಮಿ.”

ಅಧ್ಯಕ್ಷರು ಮುಗುಳ್ನಕ್ಕರು.

ತನಿಖಾಧಿಕಾರಿಯ ಕಾಲು ತಟ್ಟುವುದು ನಿಂತಿತು.

ಎಡಗಾಲು. ಉಳುಕು.

ಬೆಳಿಗ್ಗೆ ಅವಳು ಶೂ ದಾರ ಕಟ್ಟುತ್ತಿದ್ದಾಗ ಅತ್ತಿಗೆಯ ಫೋನ್ ಬಂದಿತ್ತು. ಟೀಚರನ್ನು ಅಡಗಿಸಿಟ್ಟಿದ್ದು ಅತ್ತಿಗೆಯ ಮನೆಯ ಮಹಡಿ ಕೋಣೆಯಲ್ಲೇ. “ನಿನ್ನ ಟೀಚರಮ್ಮ ಮೆಟ್ಟಿಲಲ್ಲಿ ಜಾರಿದ್ಲು ಕಣೇ. ಎಡಗಾಲು ಉಳುಕಿದೆ. ಬಿಸಿನೀರಲ್ಲಿ ಕಾಲಿಡಿಸಿ ಕೂರಿಸಿದೀನಿ. ನೀನು ಅಲ್ಲಿಂದ ಓಡಿ ಬರ್ಬೇಡ, ನಿನ್ನ ಕೆಲಸ ನೋಡು.”

ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಸಮಿತಿಯ ವಕೀಲನಿಗೂ ಹೇಳಿರಲಿಲ್ಲ. ಅಧ್ಯಕ್ಷರ ಬೀರುವಿನಲ್ಲಿದ್ದ ಮುಚ್ಚಿದ ಲಕೋಟೆಯಲ್ಲಿ ಟೀಚರ್ ಇರುವ ವಿಳಾಸವಿತ್ತು, ನಿಜ. ಅದನ್ನು ಯಾರೋ ಕದ್ದು ನೋಡಿರಬಹುದು ಎಂದೇ ಇಟ್ಟುಕೊಂಡರೂ, ಇವತ್ತು ಬೆಳಿಗ್ಗೆ ಉಳುಕಿದ ಕಾಲು ಹಳೆಯ ಲಕೋಟೆಯೊಳಗೆ ಹೇಗೆ ಬರುತ್ತದೆ?

ಹಾಗಾದರೆ ಲಕೋಟೆಯಲ್ಲ. ಪಕ್ಕದಲ್ಲಿ ಕೂತ ಈ ಅಳುಕುಪುಕ್ಕಲನೂ ಅಲ್ಲ. ಸುದ್ದಿ ಹೊರಬಿದ್ದಿರುವುದು ಆ ಮನೆಯೊಳಗಿಂದ.

ಆ ಮನೆಯಲ್ಲಿ ಇರುವವರು ಇಬ್ಬರೇ. ಒಬ್ಬಳು ಟೀಚರ್. ಇನ್ನೊಬ್ಬಳು ಅತ್ತಿಗೆ, ತಾಯಿಯಿಲ್ಲದ ತನಿಖಾಧಿಕಾರಿಗೆ ಚಿಕ್ಕಂದಿನಲ್ಲಿ ಜಡೆ ಹೆಣೆದು ಶಾಲೆಗೆ ಕಳಿಸಿದವಳು. ಬಾಯಿ ಜೋರು, ಮಾತು ಹೆಚ್ಚು, ಆದರೆ ಮನಸ್ಸು ಅಪ್ಪಟ. ಅತ್ತಿಗೆಯ ಮೇಲೆ ಸಂಶಯ ಬಂದದ್ದಕ್ಕೆ ತನಿಖಾಧಿಕಾರಿಗೆ ತನ್ನ ಮೇಲೇ ಅಸಹ್ಯವಾಯಿತು. ಸಂಶಯ ಮಾತ್ರ ಎದ್ದು ಹೋಗಲಿಲ್ಲ.

ಅವಳು ಚೀಟಿ ಹರಿದಳು. ‘ಕಾಲು ನಿಜವಾಗ್ಲೂ ಉಳುಕಿದೆ. ನಾನು ಯಾರಿಗೂ ಹೇಳಿಲ್ಲ. ಅವರಿಗೆ ಹೇಗೆ ಗೊತ್ತು? ಅಫಿಡವಿಟ್ ಕೇಳು.’

ಸಮಿತಿಯ ವಕೀಲ ಓದಿದ. ಹಳೆಯ ಗುರುವಿನ ಕಡೆ ನೋಡಿ ಮತ್ತೆ ಚೀಟಿ ನೋಡಿದ. ಅವಳು ಮೇಜಿನ ಕೆಳಗಿಂದ ಅವನ ಬೂಟನ್ನು ತುಳಿದಳು.

ಅವನು ಎದ್ದು ನಿಂತ, ತುಳಿತದ ಬಲಕ್ಕೋ ಧೈರ್ಯಕ್ಕೋ ಹೇಳುವುದು ಕಷ್ಟ.

“ಸ್ವಾಮಿ, ಒಂದು ಆಕ್ಷೇಪಣೆ. ಸಾಕ್ಷಿಯ ಕಾಲಿನ ವಿಷಯ ಅರ್ಜಿಯಲ್ಲಿ ಇಲ್ಲ. ನಮ್ಮ ಉತ್ತರದಲ್ಲೂ ಇಲ್ಲ. ಇದು ಎಲ್ಲಿಂದ ಬಂತು?”

“ಉದಾಹರಣೆಗೆ ಹೇಳಿದ್ದಪ್ಪ,” ಎಂದರು ಬೆಣ್ಣೆ ವಕೀಲರು.

“ಉದಾಹರಣೆಗೆ ಅಂದ್ರೆ ಜ್ವರ ಅಂತೀರಿ, ತಲೆನೋವು ಅಂತೀರಿ. ಎಡಗಾಲು ಅಂತ ಲೆಕ್ಕ ಹಾಕಿ ಯಾರೂ ಉದಾಹರಣೆ ಕೊಡಲ್ಲ ಸರ್.” ಅವನ ದನಿ ಮೊದಲ ಸಲ ಗಟ್ಟಿಯಾಯಿತು. “ಸ್ವಾಮಿ, ಸಾಕ್ಷಿಯ ಹತ್ತಿರ ಆರೋಪಿತ ವಕೀಲರು ಯಾವ ಸಂಪರ್ಕವನ್ನೂ ಇಟ್ಟುಕೊಳ್ಳಬಾರದು ಅಂತ ನಿಮ್ಮದೇ ಆದೇಶ ಇದೆ. ಅರ್ಜಿಯಲ್ಲಿ ಇಲ್ಲದ ಸಂಗತಿ ಹೇಳಿದ್ರೆ ಅದಕ್ಕೆ ಅಫಿಡವಿಟ್ ಬೇಕು, ಅದು ನಿಯಮ. ಹೇಗೆ ಗೊತ್ತಾಯ್ತು ಅಂತ ಪ್ರಮಾಣ ಮಾಡಿ ಬರೆದುಕೊಡಲಿ. ಇಲ್ಲ ಆ ಮಾತು ವಾಪಸ್ ತಗೊಳ್ಳಲಿ.”

ಅಧ್ಯಕ್ಷರು ಯಂತ್ರವನ್ನು ಕಿವಿಗೆ ಒತ್ತಿಕೊಂಡರು. “ಏನ್ ವಕೀಲರೇ? ವಾಪಸ್ ತಗೋತೀರಾ?”

ತೆಗೆದುಕೊಳ್ಳುತ್ತಾರೆ ಎಂದುಕೊಂಡಳು ತನಿಖಾಧಿಕಾರಿ. ಸ್ವಲ್ಪ ಬುದ್ಧಿಯಿರುವ ಯಾರಾದರೂ, ತಪ್ಪಾಯಿತು ಸ್ವಾಮಿ ಎಂದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತನ್ನು ಎತ್ತಿ ಆಚೆ ಹಾಕುತ್ತಿದ್ದರು.

“ಇಲ್ಲ ಸ್ವಾಮಿ. ಬರೆದುಕೊಡ್ತೀನಿ. ಇಲ್ಲೇ ಕೂತು, ಈಗಲೇ. ಟೈಪ್ ಮಾಡೋರನ್ನ ಕರೆಸಿಕೊಡಿ.”

ಹಿಡಿದೆ ಎಂದುಕೊಂಡಳು ಅವಳು. ಇಷ್ಟು ತಿಂಗಳು ಗಾಳಿಯಲ್ಲಿ ಗುದ್ದಾಡಿದ್ದಕ್ಕೆ ಇವತ್ತು ಕೈಗೆ ಏನೋ ತಾಗಿತ್ತು. ನಿಜ ಬರೆದರೆ ಅವರು ಅಧ್ಯಕ್ಷರ ಆದೇಶ ಮುರಿದಂತೆ. ಸುಳ್ಳು ಬರೆದರೆ ಸುಳ್ಳು ಪ್ರಮಾಣ. ಎರಡರಲ್ಲಿ ಯಾವುದಾದರೂ ಅವರ ಕುತ್ತಿಗೆಗೇ ಬರುತ್ತದೆ.

“ಅಫಿಡವಿಟ್ ಬಂದು, ಅದಕ್ಕೆ ನಿಮ್ಮ ಉತ್ತರ ದಾಖಲಾಗೋ ತನಕ ಯಾರೂ ಆಚೆ ಹೋಗೋ ಹಾಗಿಲ್ಲ,” ಎಂದರು ಅಧ್ಯಕ್ಷರು. ದಫೇದಾರ ಬಾಗಿಲು ಎಳೆದುಕೊಂಡ.

ಆಮೇಲೆ ಶುರುವಾಯಿತು ನೋಡಿ ಕಾಯುವ ಶಿಕ್ಷೆ.

ಬೆಣ್ಣೆ ವಕೀಲರು ಒಂದೊಂದೇ ಪದ ಹೇಳಿ ಬರೆಸಿದರು. ತಮ್ಮ ಹೆಸರು, ತಂದೆಯ ಹೆಸರು, ವೃತ್ತಿ, ವಾಸ. ಟೈಪಿಸ್ಟ್ ಹೆಂಗಸು ಒಂದು ಒತ್ತಕ್ಷರ ಬಿಟ್ಟಿದ್ದಳು; ಪ್ರಮಾಣದಲ್ಲಿ ತಪ್ಪಿರಬಾರದಮ್ಮ ಎಂದು ಇಡೀ ಹಾಳೆಯನ್ನು ಮತ್ತೆ ಹೊಡೆಸಿದರು. ಕನ್ನಡಕ ಒರೆಸಿದರು. ಕಾಗದ ತೆಳುವಾಯಿತು ಎಂದು ಬೇರೆ ತರಿಸಿದರು. ಕಿಟಕಿಯ ಗಾಜು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಕೆಳಗೆ ಯಾರದೋ ಸ್ಕೂಟರ್ ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು.

ತನಿಖಾಧಿಕಾರಿಗೆ ಕೂತಲ್ಲಿ ಮುಳ್ಳು. ಅತ್ತಿಗೆಗೆ ಒಂದು ಫೋನ್ ಮಾಡಿಬಿಟ್ಟರೆ ಎಲ್ಲ ಇತ್ಯರ್ಥವಾಗುತ್ತಿತ್ತು. ಅತ್ತಿಗೆಯೇ ಏನಾದರೂ ಅಕ್ಕಪಕ್ಕದವರ ಹತ್ತಿರ ಬಾಯಿಬಿಟ್ಟಳೇ? ಔಷಧಿ ಅಂಗಡಿಯಲ್ಲಿ ಹೇಳಿದಳೇ? ತನಿಖಾಧಿಕಾರಿ ತಡೆಯಲಾರದೆ ಎದ್ದು ನಿಂತಳು.

“ಸ್ವಾಮಿ, ಎರಡೇ ನಿಮಿಷ ಹೊರಗೆ ಹೋಗಿ ಬರ್ತೀನಿ. ಒಂದು ಫೋನ್ ಮಾಡಬೇಕಿತ್ತು.”

“ಅಫಿಡವಿಟ್ ಕೇಳಿದ್ದು ಯಾರು? ನಿಮ್ಮ ಕಡೆಯವರೇ ತಾನೇ? ಕೂತ್ಕೊಳ್ಳಿ ಮೇಡಂ.”

ಬೆಣ್ಣೆ ವಕೀಲರು ಅವಳ ಕಡೆ ತಿರುಗಿ ಕನಿಕರದಿಂದ ನೋಡಿದರು. ಆ ಕನಿಕರಕ್ಕೆ ಅವಳ ಮೈಯೆಲ್ಲ ಉರಿಯಿತು.

ಕೊನೆಗೂ ಹಾಳೆ ಅಧ್ಯಕ್ಷರ ಕೈಸೇರಿತು. ಅವರು ಗಟ್ಟಿಯಾಗಿ ಓದಿದರು. “ಇಂದು ಬೆಳಿಗ್ಗೆ ಸಾಕ್ಷಿಯೇ ಸ್ವಇಚ್ಛೆಯಿಂದ ನನಗೆ ದೂರವಾಣಿ ಕರೆ ಮಾಡಿ, ತನ್ನ ಎಡಗಾಲು ಉಳುಕಿರುವುದನ್ನು ತಿಳಿಸಿರುತ್ತಾರೆ. ನಾನಾಗಿಯೇ ಅವರನ್ನು ಸಂಪರ್ಕಿಸಿರುವುದಿಲ್ಲ.”

ಸುಳ್ಳು! ತನಿಖಾಧಿಕಾರಿ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಟೀಚರಿನ ಫೋನನ್ನು ಅವಳು ಮೊದಲ ದಿನವೇ ಇಸಿದುಕೊಂಡಿದ್ದಳು. ಈಗ ಅದು ಅವಳ ಕಚೇರಿಯ ಕಬ್ಬಿಣದ ಬೀರುವಿನಲ್ಲಿ ಸತ್ತು ಮಲಗಿತ್ತು. ಬೆಣ್ಣೆ ವಕೀಲರು ಆಣೆ ಮಾಡಿ ಸುಳ್ಳು ಬರೆದಿದ್ದರು, ಅದೂ ಅಧ್ಯಕ್ಷರ ಮೂಗಿನ ಕೆಳಗೆ.

ಸಮಿತಿಯ ವಕೀಲ ಆಕ್ಷೇಪಣೆ ದಾಖಲಿಸಿದ. ಅಧ್ಯಕ್ಷರು ಮೂರನೇ ಅರ್ಜಿಯ ಆದೇಶವನ್ನು ಊಟದ ನಂತರಕ್ಕೆ ಇಟ್ಟು ಎದ್ದರು. ಬಾಗಿಲು ತೆರೆಯಿತು.

ಮೊಗಸಾಲೆಯಲ್ಲಿ ದಫೇದಾರನ ತಟ್ಟೆಯ ಮುಂದೆ ಬೆಣ್ಣೆ ವಕೀಲರು ಅವಳಿಗಿಂತ ಮುಂಚೆ ನಿಂತಿದ್ದರು. ತಮ್ಮ ಫೋನ್ ತೆಗೆದುಕೊಂಡು, ಒಂದು ಸಲ ತೆರೆದು ನೋಡಿ, ಜೇಬಿಗೆ ಇಳಿಸಿದರು.

“ಸುಳ್ಳು ಪ್ರಮಾಣ ಮಾಡಿದ್ರಲ್ಲ ಸರ್,” ಎಂದಳು ಅವಳು. “ನಾಳೆ ಒಂದು ಕೇಸಿನ ಬದಲು ಎರಡಾಯ್ತು ನಿಮ್ಮ ಮೇಲೆ.”

“ಅಮ್ಮಾ, ಈ ಕೆಲಸದಲ್ಲೇ ಕೂದಲು ನೆರೆಸಿಕೊಂಡವನು ನಾನು. ಸುಳ್ಳು ಹೇಳಬೇಕಾದ್ರೆ ಆಣೆ ಇಲ್ಲದ ಕಡೆ ಹೇಳ್ತೀನಿ.”

“ಟೀಚರ್ ಫೋನ್ ನನ್ನ ಬೀರುವಲ್ಲಿದೆ.”

“ಇರಲಿ. ಅವರ ಫೋನಿಂದ ಮಾಡಿದ್ರು ಅಂತ ನಾನೆಲ್ಲಿ ಬರೆದೆ?”

ಅತ್ತಿಗೆಯ ಫೋನ್ ಸದಾ ಅಡುಗೆಮನೆಯ ಕಟ್ಟೆಯ ಮೇಲೇ ಬಿದ್ದಿರುತ್ತದೆ. ಯಾರು ಕೇಳಿದರೂ ಇಲ್ಲವೆನ್ನುವ ಜೀವವಲ್ಲ ಅದು. ಅತ್ತಿಗೆ ಮೋಸ ಮಾಡಿರಲಿಲ್ಲ. ಯಾವತ್ತಿನಂತೆ ಒಳ್ಳೆಯವಳಾಗಿದ್ದಳು, ಅಷ್ಟೆ.

“ಯಾಕೆ ಫೋನ್ ಮಾಡಿದ್ರು ನಿಮಗೆ? ಅವರ ಬಾಳು ಹಾಳು ಮಾಡಿದವರು ನೀವು.”

“ತಾಯಿ ಇನ್ಯಾರಿಗೆ ಮಾಡ್ತಾಳಮ್ಮಾ? ಮಗಳ ಸುದ್ದಿ ಯಾರ ಹತ್ರ ಇದೆಯೋ ಅವರಿಗೆ ಮಾಡ್ತಾಳೆ. ನೀವೂ ಹುಡುಕಿಕೊಡ್ತೀನಿ ಅಂತ ಹೇಳಿದ್ರಂತೆ. ಪಾಪ, ಕಾದಳು. ಎಷ್ಟು ದಿನ ಅಂತ ಕಾಯ್ತಾಳೆ?”

ಅದು ಅವಳಿಗೆ ಚುಚ್ಚಿತು. ಚುಚ್ಚಲೆಂದೇ ಹೇಳಿದ್ದು ಎಂದು ಗೊತ್ತಿದ್ದರೂ ಚುಚ್ಚಿತು. ಅವಳು ಹಲ್ಲು ಕಚ್ಚಿದಳು. “ಏನೇ ಆಗ್ಲಿ, ಒಳಗೆ ನಿಮ್ಮ ನಾಲಿಗೆ ಜಾರಿತು. ಇಲ್ಲದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ.”

“ನನ್ನ ನಾಲಿಗೆನಾ?” ಬೆಣ್ಣೆ ವಕೀಲರು ನಿಜಕ್ಕೂ ಆಶ್ಚರ್ಯಪಟ್ಟವರಂತೆ ಕಂಡರು. “ಜಾರಿದ್ದು ಅವರ ಕಾಲಮ್ಮಾ. ನನ್ನ ನಾಲಿಗೆ ಇದುವರೆಗೆ ಜಾರಿಲ್ಲ.”

ಅವರು ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ದಫೇದಾರನ ಕಡೆ ತಿರುಗಿದರು. “ಅಧ್ಯಕ್ಷರಿಗೆ ತಿಳಿಸಿಬಿಡಪ್ಪ. ಮೂರನೇ ಅರ್ಜಿ ನಾನು ವಾಪಸ್ ತಗೋತಾ ಇದೀನಿ. ಸಾಕ್ಷಿ ಖುದ್ದಾಗಿ ಬರಬೇಕು ಅಂತ ಒತ್ತಾಯ ಇಲ್ಲ.”

ಮೆಟ್ಟಿಲಿಳಿಯುವ ಅವರ ಬೂಟಿನ ಸದ್ದು ನಿಧಾನವಾಗಿ ಕೆಳಗೆ ಹೋಯಿತು. ಅವಸರವೇ ಇರಲಿಲ್ಲ.

ಅವಳು ನಿಂತಲ್ಲೇ ನಿಂತಳು. ವಾಪಸ್? ಅಷ್ಟು ಹೊತ್ತು ಟೈಪ್ ಮಾಡಿಸಿ, ಹಾಳೆ ಬದಲಾಯಿಸಿ, ಪ್ರಮಾಣ ಮಾಡಿ, ಆಮೇಲೆ ವಾಪಸ್? ಮುಂದೂಡಿ ಎಂದು ಒಂದು, ಹಿಂದೆ ಸರಿಯಿರಿ ಎಂದು ಒಂದು, ಕರೆಸಿ ಎಂದು ಇನ್ನೊಂದು. ಒಂದಕ್ಕೊಂದು ತಾಳೆಯೇ ಇಲ್ಲ. ತಾಳೆ ಇರಬೇಕಾದ ಅಗತ್ಯವೂ ಅವರಿಗಿರಲಿಲ್ಲ. ಅವರಿಗೆ ಆದೇಶ ಬೇಕಿರಲಿಲ್ಲ. ಬೇಕಾಗಿದ್ದದ್ದು ಬೆಳಗಿನ ಹೊತ್ತು. ಸಮಿತಿಯ ಕಡೆಯವರೆಲ್ಲ ಬಾಗಿಲು ಹಾಕಿದ ಒಂದು ಕೋಣೆಯಲ್ಲಿ, ಫೋನಿಲ್ಲದೆ, ಬಾಯಿಮುಚ್ಚಿ ಕೂತಿರುವಂಥ ಒಂದು ಬೆಳಗು. ಎರಡು ಅರ್ಜಿಗಳು ಬೇಗ ಬಿದ್ದುಹೋದಾಗ ಸಮಯ ಸಾಲದೆ ಬಂದಿತ್ತು. ಆಗ ಎಡಗಾಲನ್ನು ಎತ್ತಿ ಅವಳ ಮುಂದೆ ಇಟ್ಟರು. ಅವಳು ಚೀಟಿ ಬರೆದಳು. ತನ್ನ ಕೈಯಾರೆ ಬಾಗಿಲು ಹಾಕಿಸಿಕೊಂಡಳು.

ಅವಳು ತಟ್ಟೆಯಿಂದ ಫೋನ್ ಕಿತ್ತುಕೊಂಡಳು. ತೆರೆದ ಕೂಡಲೇ ಪರದೆಯ ತುಂಬ ಅತ್ತಿಗೆಯ ಕರೆಗಳು, ಒಂದರ ಕೆಳಗೊಂದು.

ಅವಳು ತಿರುಗಿ ಕರೆ ಮಾಡಿದಳು. ಅತ್ತಿಗೆ ಒಂದೇ ರಿಂಗಿಗೆ ಎತ್ತಿಕೊಂಡಳು.

“ಅಂತೂ ಸಿಕ್ಕಿದೆಯಲ್ಲೇ ಮಾರಾಯ್ತಿ! ಎಷ್ಟು ಸಲ ಮಾಡೋದು ನಿಂಗೆ?” ಅತ್ತಿಗೆಯ ದನಿಯಲ್ಲಿ ಉಲ್ಲಾಸ ಉಕ್ಕುತ್ತಿತ್ತು. “ಕಾರು ಬಂದಾಗ ನಾನು ಮೊದ್ಲು ಬಾಗಿಲೇ ತೆಗೀಲಿಲ್ಲ, ನೀನು ಹೇಳಿದ ಹಾಗೇ. ನಿನ್ನ ಕೇಳಿ ತೆಗೆಯೋಣ ಅಂತ ಫೋನ್ ಮಾಡ್ತಾನೇ ಇದ್ದೆ. ಆ ಡ್ರೈವರ್ರೇ ಹೇಳಿದ, ಮೇಡಂ ಅರ್ಜಿ ನಡೆಯೋ ಕೋಣೇಲಿದಾರೆ, ಒಳಗೆ ಫೋನ್ ಬಿಡಲ್ಲ ಅಂತ. ಹೌದಲ್ವಾ, ಬೆಳಿಗ್ಗೆ ನೀನೂ ಅದೇ ಹೇಳಿದ್ದೆ.”

“ಅತ್ತಿಗೆ, ಟೀಚರ್ ಎಲ್ಲಿ?”

“ಹೊರಟು ತುಂಬ ಹೊತ್ತಾಯ್ತಲ್ಲ. ಕಿಟಕೀಲಿ ನೋಡಿದ್ದೇ ತಡ, ಆ ಕಾಲಲ್ಲೇ ಕುಂಟ್ಕೊಂಡು ಮೆಟ್ಟಿಲಿಳಿದು ಓಡಿದ್ಲು ಕಣೇ, ಚಪ್ಪಲಿ ಕೂಡ ಹಾಕ್ಕೊಳ್ಳಿಲ್ಲ. ನನ್ನ ಕೈ ಹಿಡ್ಕೊಂಡು ಅತ್ತುಬಿಟ್ಲು. ನಿಮ್ಮ ನಾದಿನಿ ಕೊಟ್ಟ ಮಾತು ಉಳಿಸ್ಕೊಂಡ್ರು ಅಂದ್ಲು. ಕಾರಿನ ಹಿಂದಿನ ಸೀಟಲ್ಲಿ ಮಗಳನ್ನ ಕೂರಿಸಿ ಕಳಿಸಿದೀಯಲ್ಲ, ಆ ಮಗು ಮುಖ ನೋಡಿ ನಂಗೂ ಕಣ್ಣಲ್ಲಿ ನೀರು ಬಂತು. ಹಲೋ? ಹಲೋ, ಕೇಳಿಸ್ತಿದೆಯೇನೇ?”

ತನಿಖಾಧಿಕಾರಿ ಯಾವ ಕಾರನ್ನೂ ಕಳಿಸಿರಲಿಲ್ಲ.